ಅಪ್ಪಣೆಯಿಲ್ಲದ ಅರಮನೆ: ಜೇನುಪೆಟ್ಟಿಗೆಯ ಮುಂದೆ ಕೂತು ಕಲಿತದ್ದು

ತೋಟಕ್ಕೆ ಬಂದವರಿಗೆ ಜೇನುಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದರೆ ಎಲ್ಲರೂ ಕೇಳುವುದು ಒಂದೇ ಮಾತು: "ರಾಣಿ ಎಲ್ಲಿ?" ಅದರ ಬೆನ್ನಿಗೇ ಇನ್ನೊಂದು: "ಎಲ್ಲವನ್ನೂ ಅವಳೇ ಹೇಳಿ ಮಾಡಿಸುವುದಾ?" ಹತ್ತಾರು ಸಾವಿರ ನೊಣ ಕತ್ತಲೆಯಲ್ಲಿ ಕೂಡಿ ಕಟ್ಟಿದ ಎರಿಯ ಅಚ್ಚುಕಟ್ಟು ನೋಡಿದಾಗ ಯಾರೋ ಒಬ್ಬರು ನಕ್ಷೆ ಹಿಡಿದು ನಿಂತಿರಲೇಬೇಕು ಅನ್ನಿಸುವುದು ಸಹಜ. ನನಗೂ ಹಾಗೇ ಅನ್ನಿಸಿತ್ತು. ಶಿರಸಿ ಸೀಮೆಯ ಅಡಿಕೆ ತೋಟದಲ್ಲಿ 26 ವರ್ಷದಿಂದ ತುಡುವೆ ಜೇನು ಸಾಕುತ್ತಿದ್ದೇನೆ. ಆ ನಂಬಿಕೆ ಬಿಡುವುದಕ್ಕೆ ಅದರಲ್ಲಿ ಹತ್ತು ವರ್ಷವಾದರೂ ಹೋಗಿದೆ.

ಮೊದಲ ಪೆಟ್ಟಿಗೆ ಕೊಟ್ಟವರು ಪಕ್ಕದ ಮನೆಯ ಅಜ್ಜ. ತಲೆಹೊರೆಯಲ್ಲಿ ತಂದು ತೋಟದ ಅಂಚಿನ ಕಲ್ಲುಕಂಬದ ಮೇಲೆ ಇಳಿಸಿ, ಬೆವರು ಒರೆಸಿಕೊಂಡು ಹೇಳಿದ್ದು ಇಷ್ಟೇ: "ಜಾಗ ಸರಿ ಮಾಡಿಕೊಡು ತಮ್ಮಾ. ಉಳಿದದ್ದು ಅವಕ್ಕೆ ಗೊತ್ತಿದ್ದು." ಆ ಎರಡನೇ ಮಾತಿನ ಒಳಗೆ ಏನಿದೆ ಎಂದು ಹುಡುಕುತ್ತಾ ಬಂದವನು ನಾನು. ಸಿಕ್ಕಿದ್ದಿಷ್ಟನ್ನು ಇಲ್ಲಿ ಬರೆದಿದ್ದೇನೆ.

1. ರಾಣಿಯನ್ನು ಹುಡುಕುತ್ತಾ ಕೂರಬೇಡಿ

ಎರಡನೇ ವರ್ಷ ಅವಸರದಲ್ಲಿ ಚೌಕಟ್ಟು ಇಳಿಸುವಾಗ ರಾಣಿನೊಣ ಅಡಿಗೆ ಸಿಕ್ಕಿ ಸತ್ತಿತು. ಕುಟುಂಬವೇ ಮುಗಿಯಿತು ಎಂದುಕೊಂಡೆ. ಸಂಜೆಯ ಹೊತ್ತಿಗೆ ಪೆಟ್ಟಿಗೆಯ ಸದ್ದು ಬದಲಾಗಿತ್ತು; ಗುಂಯ್‌ಗುಡುವ ಬದಲು ಒಳಗೆಲ್ಲ ನರಳಿದ ಹಾಗೆ. ಆದರೆ ಮೂರನೇ ದಿನ ತೆರೆದು ನೋಡಿದರೆ ಎರಿಯ ಮೇಲೆ ಅಲ್ಲಲ್ಲಿ ನೆಲಗಡಲೆ ಬುಡ್ಡೆಯಂತೆ ತಲೆಕೆಳಗಾಗಿ ಇಳಿಬಿದ್ದ ರಾಣಿಕೋಶಗಳು. ಸಾಮಾನ್ಯ ಕೆಲಸಗಾರ ನೊಣವಾಗಬೇಕಿದ್ದ ಎಳೆ ಮರಿಗಳ ಕೋಣೆಗಳನ್ನೇ ಅಗಲಿಸಿ ರಾಜಶಾಹಿ ರಸ ತುಂಬಿದ್ದವು. ತಿಂಗಳು ತುಂಬುವುದರೊಳಗೆ ಹೊಸ ರಾಣಿ ಮೊಟ್ಟೆ ಇಡುತ್ತಿತ್ತು.

ಸತ್ತ ರಾಣಿಯಂತೂ ಅಪ್ಪಣೆ ಕೊಟ್ಟಿರಲಿಲ್ಲ. ಆಗಿದ್ದು ಇಷ್ಟು: ರಾಣಿಯ ಮೈಯ ವಾಸನೆ ಅವಳನ್ನು ನೆಕ್ಕಿ ಶುಚಿ ಮಾಡುವ ನೊಣಗಳಿಗೆ ಅಂಟಿ, ಅವುಗಳ ಮೀಸೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟುತ್ತಾ ಇಡೀ ಪೆಟ್ಟಿಗೆ ಸುತ್ತುತ್ತಿರುತ್ತದೆ. ಅದು ನಿಂತರೆ ಪ್ರತಿ ನೊಣಕ್ಕೂ ತಿಳಿಯುವುದು "ವಾಸನೆ ಬರುತ್ತಿಲ್ಲ" ಎಂಬುದೊಂದೇ. ವಾಸನೆ ಇಲ್ಲದಾಗ, ಎಳೆ ಮರಿಯ ಹತ್ತಿರ ಇರುವ ದಾದಿ ನೊಣ ಏನು ಮಾಡಬೇಕೋ ಅದನ್ನು ಮಾಡುತ್ತದೆ. ಸಭೆಯಿಲ್ಲ, ಠರಾವಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ಅಭ್ಯಾಸ ಮಾಡಿದ ರೋಪಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ವಿಷಯ ಓದಿದಾಗ ನನಗೆ ತುಂಬ ಸಮಾಧಾನವಾಯಿತು. ನಮ್ಮ ಮನೆಗಳ ಸೂರಿನಡಿ ಕಾಗದದಂಥ ಗೂಡು ಕಟ್ಟುವ ಜಾತಿಯದು. ಅದರ ರಾಣಿ ಗೂಡಿನಲ್ಲೇ ಅತಿ ಸಾಧು ಜೀವಿ. ಯಾರ ಮೇಲೂ ಏರಿಹೋಗುವುದಿಲ್ಲ. ಆಹಾರ ತರಲು ಯಾರು, ಯಾವಾಗ ಹೊರಡಬೇಕು ಎಂಬುದು ಕೆಲಸಗಾರ ಕಣಜಗಳ ನಡುವಿನ ತಳ್ಳಾಟ, ಕಚ್ಚಾಟದಲ್ಲೇ ತೀರ್ಮಾನವಾಗುತ್ತದೆ. ಈಗ ಪೆಟ್ಟಿಗೆ ತೆರೆದರೆ ನಾನು ರಾಣಿಯನ್ನು ಹುಡುಕುವುದೇ ಇಲ್ಲ. ಹೊಸ ಮೊಟ್ಟೆ ಕಂಡರೆ ಸಾಕು. ನನ್ನ ಕಣ್ಣಿರುವುದು ಒಂದು ನೊಣ ಪಕ್ಕದ ನೊಣದ ಜೊತೆ ಏನು ಮಾಡುತ್ತಿದೆ ಎಂಬುದರ ಮೇಲೆ.

2. ಚಿತ್ತಾರ ಬರೆದವರಿಲ್ಲ, ಆದರೂ ಚಿತ್ತಾರವಿದೆ

ಸಂಸಾರ ಕೋಣೆಯಿಂದ ಒಂದು ಒಳ್ಳೆಯ ಎರಿ ಎತ್ತಿ ಬೆಳಕಿಗೆ ಹಿಡಿದರೆ ಮೂರು ವಲಯ ಕಾಣುತ್ತವೆ. ನಡುವೆ ಮರಿಗಳು. ಮರಿಗಳ ಸುತ್ತ ಪರಾಗದ ತೆಳು ಪಟ್ಟಿ: ಅಡಿಕೆ ಸಿಂಗಾರದ್ದು, ತೆಂಗಿನದ್ದು, ಮಳೆಗಾಲವಾದರೆ ಮುಟ್ಟಿದರೆ ಮುನಿಯದ್ದು. ಅದರಾಚೆ, ಮೇಲಂಚಿಗೆ ಕಮಾನಿನಂತೆ ಜೇನು. ಬಹಳ ಕಾಲ ಇದನ್ನು ನಾನು "ಅವಕ್ಕೆ ಗೊತ್ತು" ಎಂದೇ ವಿವರಿಸುತ್ತಿದ್ದೆ. ಹಾಗೆಂದರೆ ಏನನ್ನೂ ವಿವರಿಸಿದ ಹಾಗಲ್ಲ.

1991ರಲ್ಲಿ ಅಮೆರಿಕದ ಸ್ಕಾಟ್ ಕಮಾಜಿನ್ ಎಂಬ ವಿಜ್ಞಾನಿ ಯುರೋಪಿನ ಜೇನ್ನೊಣಗಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಅದರ ತಿರುಳು ನಾಲ್ಕು ಸಣ್ಣ ರೂಢಿಗಳು. ರಾಣಿ ಈಗಾಗಲೇ ಮರಿ ಇರುವ ಕೋಣೆಗಳ ಆಸುಪಾಸಿನಲ್ಲೇ ಮೊಟ್ಟೆ ಇಡುತ್ತದೆ. ಮಕರಂದ, ಪರಾಗ ತಂದವು ಎಲ್ಲಿ ಖಾಲಿ ಕೋಣೆ ಸಿಕ್ಕಿತೋ ಅಲ್ಲಿ ಸುರಿಯುತ್ತವೆ. ತಿನ್ನಲು ತೆಗೆಯುವಾಗ ಮರಿಗಳ ಹತ್ತಿರದ ಕೋಣೆಗಳಿಂದಲೇ ಹೆಚ್ಚು ತೆಗೆಯುತ್ತವೆ, ಯಾಕೆಂದರೆ ಉಣಿಸಬೇಕಾದ ಬಾಯಿಗಳು ಅಲ್ಲೇ ಇವೆ. ಕೊನೆಯದು, ಮಕರಂದ ಬರುವುದು ಬಹಳ, ಪರಾಗ ಬರುವುದು ಕಡಿಮೆ. ಬಂದ ಪರಾಗ ಹೆಚ್ಚುಕಡಿಮೆ ಅಷ್ಟೂ ಖರ್ಚಾಗುತ್ತದೆ. ಈ ನಾಲ್ಕನ್ನೇ ಕಂಪ್ಯೂಟರಿಗೆ ಕೊಟ್ಟು ಓಡಿಸಿದರೆ ಮೂರು ವಲಯ ತಾವಾಗಿ ಮೂಡಿದವು. "ಪರಾಗವನ್ನು ಪಟ್ಟಿಯಂತೆ ಇಡು" ಎಂದು ಎಲ್ಲೂ ಬರೆದಿರಲಿಲ್ಲ.

ಓದಿದ್ದು ಕೈಗೆ ಹತ್ತಬೇಕಲ್ಲ. ಒಂದು ಜನವರಿಯಲ್ಲಿ ಕಟ್ಟಿ ಖಾಲಿಯಾಗಿದ್ದ ಎರಿಯೊಂದನ್ನು ಗಟ್ಟಿ ಕುಟುಂಬದ ನಡುವೆ ಇಳಿಸಿದೆ. ದಿನ ಬಿಟ್ಟು ದಿನ ಎತ್ತಿ, ಮಗಳ ಬಣ್ಣದ ಪೆನ್ಸಿಲಿನಿಂದ ಗ್ರಾಫ್ ಹಾಳೆಯ ಮೇಲೆ ಗುರುತು ಹಾಕುತ್ತಾ ಬಂದೆ. ಮೊದಲ ವಾರದ ಹಾಳೆಗಳು ಚೆಲ್ಲಿದ ಕಾಳಿನಂತೆ. ಜೇನು, ಪರಾಗ ಎಲ್ಲೆಂದರಲ್ಲಿ. ಎರಡನೇ ವಾರ ಅಂಚಿನ ಪರಾಗದ ಕೋಣೆ ಖಾಲಿಯಾದಂತೆಲ್ಲ ಅಲ್ಲಿ ಮಕರಂದ ಬಂದು ಕೂತಿತು, ಕೂತದ್ದು ಹೊರಡಲಿಲ್ಲ. ಮರಿಗಳ ಅಂಚಿನಲ್ಲಿ ಮಾತ್ರ ದಿನವೂ ತೆಗೆದು ದಿನವೂ ಖಾಲಿ ಮಾಡುವುದರಿಂದ ಪರಾಗಕ್ಕೆ ಜಾಗ ಸಿಗುತ್ತಲೇ ಇತ್ತು. ಮೂರನೇ ವಾರದ ಹಾಳೆಯಲ್ಲಿ ಮೂರು ವಲಯ ಸ್ಪಷ್ಟ. ಹನ್ನೊಂದು ಹಾಳೆಗಳನ್ನೂ ಕಾಪಿಟ್ಟಿದ್ದೇನೆ. ಚಿತ್ತಾರ ತಾನಾಗಿ ಮೂಡುವುದನ್ನು ಕಣ್ಣಾರೆ ಕಂಡದ್ದಕ್ಕೆ ನನ್ನಲ್ಲಿರುವ ಸಾಕ್ಷಿ ಅವು.

ಇದು ತಿಳಿಯುವುದಕ್ಕೆ ಮೊದಲು ಮಾಡಿದ ತಪ್ಪೊಂದನ್ನು ಹೇಳಬೇಕು. ಮರಿಗಳಿರುವ ಎರಿಗಳನ್ನು ಒಪ್ಪವಾಗಿರಲಿ ಎಂದು ಬೇರೆ ಬೇರೆ ಮಾಡಿ, ನಡುನಡುವೆ ಜೇನಿನ ಎರಿ ಇಟ್ಟಿದ್ದೆ. ಡಿಸೆಂಬರಿನ ಚಳಿ. ಒತ್ತಾಗಿ ಕೂತು ಬಿಸಿ ಮಾಡಬೇಕಿದ್ದ ನೊಣಗಳು ಚದುರಿಹೋಗಿ ಅಂಚಿನ ಮರಿಗಳು ಸತ್ತವು. ಕಣ್ಣಿಗೆ ಕಂಡ ಮಾದರಿಯನ್ನು ತಿದ್ದಲು ಹೋಗಿ, ಅದನ್ನು ಹುಟ್ಟಿಸುವ ನಡೆಯನ್ನೇ ಕಡಿದಿದ್ದೆ.

3. ಖಾಲಿ ಜಾಗವೂ ಒಂದು ಕಾಯಿದೆ

ಪೆಟ್ಟಿಗೆಯಲ್ಲಿ ಅತಿ ಮುಖ್ಯವಾದ ಭಾಗ ಯಾವುದೆಂದು ಕೇಳಿದರೆ, ಮರವಿಲ್ಲದ ಭಾಗ ಎನ್ನುತ್ತೇನೆ. 1851ರಲ್ಲಿ ಅಮೆರಿಕದ ಲೊರೆಂಜೊ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಗಮನಿಸಿದ್ದು ಇದನ್ನೇ: ಚೌಕಟ್ಟಿಗೂ ಗೋಡೆಗೂ ನಡುವೆ ಇಂಚಿನ ಎಂಟರಲ್ಲಿ ಮೂರು ಪಾಲಿನಷ್ಟು ಓಣಿ ಬಿಟ್ಟರೆ ನೊಣಗಳು ಅದನ್ನು ದಾರಿಯಾಗಿ ಉಳಿಸಿಕೊಳ್ಳುತ್ತವೆ. ಅಗಲವಾದರೆ ಅಲ್ಲಿ ಎರಿ ಕಟ್ಟುತ್ತವೆ. ಕಿರಿದಾದರೆ ಯುರೋಪಿನ ನೊಣಗಳು ಮರದ ಅಂಟು ತಂದು ಮೆತ್ತುತ್ತವೆ. ನಮ್ಮ ತುಡುವೆಗೆ ಅಂಟು ತರುವ ಅಭ್ಯಾಸವಿಲ್ಲ. ತುಡುವೆ ಮೈಯಲ್ಲಿ ಸಣ್ಣದು, ಅದರ ಓಣಿಯೂ ಸಣ್ಣದು. ಕಳೆದ ಶತಮಾನದ ಎರಡನೇ ದಶಕದಲ್ಲಿ ತಿರುಚಿರಾಪಳ್ಳಿಯ ಇನ್ನೊಬ್ಬ ಪಾದ್ರಿ ನ್ಯೂಟನ್ ಆ ಮೈಗೆ ತಕ್ಕ ಪೆಟ್ಟಿಗೆ ಮಾಡಿದರು. ದಕ್ಷಿಣ ಭಾರತದ ತೋಟಗಳಲ್ಲಿ ಅದು ಇವತ್ತಿಗೂ ನ್ಯೂಟನ್ ಪೆಟ್ಟಿಗೆಯೇ.

ನಾನು ಒಮ್ಮೆ ಉಳಿದ ಹಲಗೆಯಲ್ಲಿ ಪೆಟ್ಟಿಗೆ ಮಾಡಿಸಿದಾಗ ಬದಿಯ ಓಣಿ ಅರ್ಧ ಇಂಚು ಮೀರಿತ್ತು. ತಿಂಗಳೊಳಗೆ ಅಡ್ಡ ಎರಿ ಎದ್ದು ಚೌಕಟ್ಟುಗಳೆಲ್ಲ ಗೋಡೆಗೆ ಬೆಸೆದುಕೊಂಡವು. ನೊಣ ಕೆಟ್ಟಿರಲಿಲ್ಲ, ಅವುಗಳ ರೂಢಿಯೂ ಅದೇ. ಕೆಲವು ಮಿಲಿಮೀಟರ್ ವ್ಯತ್ಯಾಸಕ್ಕೆ ಮನೆಯ ಆಕಾರವೇ ಬೇರೆಯಾಯಿತು.

4. ಎಲ್ಲವೂ ಒಂದೇ ಥರ ಇದ್ದರೆ ಮನೆ ತೂಗಾಡುತ್ತದೆ

ತೆಳು ತಂತಿಯ ಥರ್ಮಾಮೀಟರನ್ನು ಮರಿಗಳ ಎರಿಯ ನಡುವೆ ಇಳಿಬಿಟ್ಟು ಒಂದು ಫೆಬ್ರವರಿ ಪೂರ್ತಿ ಬರೆದಿಟ್ಟೆ. ಹೊರಗೆ ಬೆಳಗಿನ ಜಾವ 16 ಡಿಗ್ರಿ, ಮಧ್ಯಾಹ್ನ 33. ಒಳಗೆ ಯಾವ ಹೊತ್ತಿಗೆ ನೋಡಿದರೂ 33ರಿಂದ 35ರ ನಡುವೆ. ಚಳಿಯಾದರೆ ರೆಕ್ಕೆಯ ಸ್ನಾಯು ನಡುಗಿಸಿ ಬಿಸಿ ಮಾಡುತ್ತವೆ. ಸೆಖೆಯಾದರೆ ಬಾಗಿಲಲ್ಲಿ ಸಾಲಾಗಿ ನಿಂತು ಬೀಸುತ್ತವೆ. ತುಡುವೆ ಬೀಸುವಾಗ ಮುಖ ಹೊರಕ್ಕೆ, ಗಾಳಿ ಒಳಕ್ಕೆ. ಯುರೋಪಿನ ನೊಣ ಅದಕ್ಕೆ ತಿರುಗುಮುರುಗಾಗಿ ನಿಂತು ಒಳಗಿನ ಗಾಳಿಯನ್ನು ಹೊರಗೆಳೆಯುತ್ತದೆ.

ಎಲ್ಲ ನೊಣಗಳೂ ಸರಿಯಾಗಿ 35 ಡಿಗ್ರಿಗೇ ಬೀಸಲು ಶುರು ಮಾಡಿದವು ಎಂದುಕೊಳ್ಳಿ. ಒಮ್ಮೆಗೇ ಸಾವಿರ ರೆಕ್ಕೆ, ಒಮ್ಮೆಗೇ ತಂಪು. ಒಮ್ಮೆಗೇ ಎಲ್ಲ ನಿಲ್ಲಿಸಿದರೆ ಮತ್ತೆ ಸೆಖೆ. ಮನೆ ಉಯ್ಯಾಲೆಯಾಗುತ್ತದೆ. ಹಾಗಾಗದಿರುವುದು ಯಾಕೆಂದರೆ ರಾಣಿ ಹತ್ತಕ್ಕೂ ಹೆಚ್ಚು ಗಂಡುನೊಣಗಳ ಜೊತೆ ಕೂಡಿರುತ್ತದೆ. ಬೇರೆ ಬೇರೆ ತಂದೆಯ ಮಕ್ಕಳಿಗೆ ಬೇರೆ ಬೇರೆ ಹಂತದಲ್ಲಿ ಸೆಖೆಯೆನಿಸುತ್ತದೆ. ಮೊದಲು ನಾಲ್ಕು ಬೀಸುತ್ತವೆ. ಸಾಲದಿದ್ದರೆ ಇನ್ನು ಹತ್ತು ಸೇರುತ್ತವೆ. 2004ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದೇ ತಂದೆಯ ಕುಟುಂಬಗಳನ್ನೂ ಹಲವು ತಂದೆಯರ ಕುಟುಂಬಗಳನ್ನೂ ಹೋಲಿಸಿ, ಎರಡನೆಯವು ತಾಪವನ್ನು ಹೆಚ್ಚು ಸ್ಥಿರವಾಗಿ ಕಾಯುತ್ತವೆ ಎಂದು ತೋರಿಸಿದರು.

ನಾನು ಹೊಸದರಲ್ಲಿ ಗಂಡುನೊಣದ ಕೋಣೆಗಳನ್ನು "ದಂಡದ ಬಾಯಿ" ಎಂದು ಚಾಕುವಿನಿಂದ ಕೊಯ್ದು ಹಾಕುತ್ತಿದ್ದೆ. ಈಗ ಮುಟ್ಟುವುದಿಲ್ಲ. ಪಾಲು ಮಾಡುವಾಗಲೂ ಚೆನ್ನಾಗಿ ಜೇನು ಕೊಟ್ಟ ಒಂದೇ ಪೆಟ್ಟಿಗೆಯಿಂದ ಎಲ್ಲ ಸಂತತಿ ತೆಗೆಯುವ ಆಸೆ ಬಿಟ್ಟಿದ್ದೇನೆ.

5. ಒಳ್ಳೆಯ ತೀರ್ಮಾನಕ್ಕೆ ಎಲ್ಲ ತಿಳಿದವರು ಬೇಕಾಗಿಲ್ಲ

ನಮ್ಮ ಕಡೆ ಕುಟುಂಬ ಪಾಲಾಗುವುದು ಹೆಚ್ಚಾಗಿ ನವೆಂಬರ್‌ನಿಂದ ಜನವರಿಯೊಳಗೆ. ಹಳೆಯ ರಾಣಿ ಅರ್ಧ ನೊಣಗಳ ಜೊತೆ ಹೊರಬಿದ್ದು ಯಾವುದೋ ಕೊಂಬೆಗೆ ಗೊಂಚಲಾಗಿ ತೂಗುತ್ತದೆ. ಹೊಸ ಮನೆ ಯಾವುದೆಂದು ತೀರ್ಮಾನವಾಗುವುದು ಅಲ್ಲೇ, ಬಯಲಿನಲ್ಲೇ.

ಒಂದು ವರ್ಷ ಹಲಸಿನ ಕೊಂಬೆಗೆ ಕೂತ ಹಿಂಡಿನ ಎದುರು ಮಗಳೂ ನಾನೂ ಒಂದೂವರೆ ದಿನ ಕೂತಿದ್ದೆವು. ಗೊಂಚಲಿನ ಮೇಲ್ಮೈಯಲ್ಲಿ ಕೆಲವೇ ನೊಣಗಳು ಹೊಟ್ಟೆ ಅಲುಗಿಸುತ್ತಾ ನೇರ ಓಡಿ, ಸುತ್ತಿ ಬಂದು, ಮತ್ತೆ ಓಡುತ್ತಿದ್ದವು. ಈ ಕುಣಿತದ ಅರ್ಥ ಬಿಡಿಸಿದವರು ಕಾರ್ಲ್ ಫಾನ್ ಫ್ರಿಶ್; 1973ರಲ್ಲಿ ಅವರಿಗೆ ನೊಬೆಲ್ ಬಂತು. ಓಟವು ನೆಟ್ಟಗೆ ಮೇಲ್ಮುಖವಾಗಿದ್ದರೆ ಸೂರ್ಯನ ದಿಕ್ಕು, ಓರೆಯಾದರೆ ಸೂರ್ಯನಿಂದ ಅಷ್ಟೇ ಓರೆ. ಓಟ ಉದ್ದವಾದಷ್ಟು ದೂರ ಹೆಚ್ಚು. ದಕ್ಷಿಣ ಭಾರತದಲ್ಲಿ ತುಡುವೆ, ಕೋಲ್ಜೇನು, ಹೆಜ್ಜೇನುಗಳ ಕುಣಿತವನ್ನು ಹೋಲಿಸಿದ ಅಧ್ಯಯನವೊಂದು 2020ರಲ್ಲಿ ಬಂದಿದೆ, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದವರೂ (ಎನ್‌ಸಿಬಿಎಸ್) ಅದರಲ್ಲಿದ್ದರು. ಎಷ್ಟು ದೂರಕ್ಕೆ ಮೇಯಲು ಹೋಗುತ್ತವೋ ಅದಕ್ಕೆ ತಕ್ಕ ಹಾಗೆ ಪ್ರತಿ ಜಾತಿಗೂ ಕುಣಿತದ ಒಂದೊಂದು ಉಪಭಾಷೆ. ದೂರ ಹೋಗುವ ಹೆಜ್ಜೇನಿನದ್ದು ಒಂದು ಬಗೆ, ಹತ್ತಿರದಲ್ಲೇ ಮೇಯುವ ತುಡುವೆಯದ್ದು ಇನ್ನೊಂದು.

ಮೊದಲ ಮಧ್ಯಾಹ್ನ ಕುಣಿತ ಎರಡು ದಿಕ್ಕು ತೋರಿಸುತ್ತಿತ್ತು: ಕೆಲವು ಮೇಲಿನ ಬೆಟ್ಟದ ಕಡೆಗೆ, ಕೆಲವು ನಾನೇ ಮೇಣ ಸವರಿ ತೂಗುಹಾಕಿದ್ದ ಪೆಟ್ಟಿಗೆಯ ಕಡೆಗೆ. ನನ್ನ ಸಂತೋಷ ಹೇಳತೀರದು. ಮರುದಿನ ಬೆಳಗ್ಗೆ ನನ್ನ ಪೆಟ್ಟಿಗೆಯ ಕಡೆ ಕುಣಿಯುವವು ಎರಡೋ ಮೂರೋ. ಹನ್ನೊಂದರ ಹೊತ್ತಿಗೆ ಒಂದೂ ಇಲ್ಲ. ಹನ್ನೆರಡಕ್ಕೆ ಸಣ್ಣ ಪೀಪಿಯಂಥ ಸದ್ದು ಗೊಂಚಲಿನೊಳಗೆಲ್ಲ ಹರಡಿತು. ಮರುಕ್ಷಣ ಗೊಂಚಲು ಕರಗಿ ಬೆಟ್ಟದ ಮತ್ತಿಮರದ ಪೊಟರೆಗೆ ಹೊರಟೇಬಿಟ್ಟಿತು. ನನ್ನ ಪೆಟ್ಟಿಗೆ ಇಳಿಸಿ ನೋಡಿದರೆ ಹಿಂದಿನ ಸಂದಿಯಲ್ಲಿ ಇರುವೆ ಸಾಲು.

ಯಾವ ನೊಣವೂ ಎರಡೂ ಮನೆ ನೋಡಿ ಇದಕ್ಕಿಂತ ಅದು ಮೇಲು ಎಂದು ತೂಗಿರಬೇಕಾಗಿಲ್ಲ ಎಂಬುದೇ ಇದರಲ್ಲಿ ನನ್ನನ್ನು ಇನ್ನೂ ಬೆರಗುಗೊಳಿಸುವ ಸಂಗತಿ. ಯುದ್ಧದಲ್ಲಿ ಕುಸಿದಿದ್ದ ಮ್ಯೂನಿಕ್‌ನಲ್ಲಿ ಮಾರ್ಟಿನ್ ಲಿಂಡಾವರ್ ಹೀಗೇ ಹಿಂಡಿನ ಮುಂದೆ ಕೂತು, ಮಸಿ ಮೆತ್ತಿದ, ಇಟ್ಟಿಗೆ ಪುಡಿ ಮೆತ್ತಿದ ನೊಣಗಳು ಕುಣಿಯುವುದನ್ನು ಕಂಡರು. ಅವು ಮನೆ ಹುಡುಕಲು ಪಾಳುಗೋಡೆಗಳ ಬಿರುಕಿಗೆ ಹೋಗಿ ಬಂದವು. ಆಮೇಲೆ ಅಮೆರಿಕದ ಥಾಮಸ್ ಸೀಲಿ ಮರಗಳಿಲ್ಲದ ದ್ವೀಪವೊಂದಕ್ಕೆ ಹಿಂಡುಗಳನ್ನು ಒಯ್ದು ಲೆಕ್ಕ ಬಿಡಿಸಿದರು. ಮನೆ ಚೆನ್ನಾಗಿದ್ದಷ್ಟೂ ಕುಣಿತ ಉದ್ದ. ಒಂದೇ ಮನೆಗೆ ಹೋಗಿ ಬಂದಾಗಲೆಲ್ಲ ಅದೇ ನೊಣದ ಕುಣಿತ ಮೊದಲಿಗಿಂತ ಗಿಡ್ಡವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಕುಣಿತ ನೋಡಿದ ನೊಣ ಅದನ್ನು ನಂಬಿ ತಾನೂ ಕುಣಿಯುವುದಿಲ್ಲ. ಹೋಗಿ ನೋಡಿ ಬರುತ್ತದೆ. ಆ ಮನೆಯ ಬಾಗಿಲಲ್ಲಿ ಒಂದೇ ಹೊತ್ತಿಗೆ ಕೆಲವು ಹತ್ತು ನೊಣಗಳು ಸೇರಿದರೆ ಹೊರಡುವ ಪೀಪಿ ಶುರು. ಈ ನಾಲ್ಕರಲ್ಲಿ ಯಾವುದೊಂದನ್ನು ತೆಗೆದರೂ ಹಿಂಡು ಕೊಂಬೆಯಲ್ಲೇ ಉಳಿಯಬಹುದು, ಇಲ್ಲವೇ ಕೆಟ್ಟ ಮನೆ ಸೇರಬಹುದು. ಕುಣಿತ ತಾನಾಗಿ ಸೋಲುವ ರೂಢಿಯನ್ನು ನಾನು ಬಹಳ ಮೆಚ್ಚುತ್ತೇನೆ. ಮೊದಲು ಸಿಕ್ಕಿದ ಮನೆಗೆ ಮೊದಲೇ ಗುಂಪು ಸೇರಿಬಿಟ್ಟು, ತಡವಾಗಿ ಸಿಕ್ಕ ಒಳ್ಳೆಯ ಮನೆ ಮೂಲೆಗೆ ಬೀಳದಂತೆ ಕಾಯುವುದು ಅದೇ.

6. ಅನಾಹುತವೂ ಇದೇ ದಾರಿಯಲ್ಲಿ ಬರುತ್ತದೆ

ಆಗಸ್ಟ್. ಹೂವಿಲ್ಲದ ಕಾಲ. ಸಕ್ಕರೆ ಪಾಕ ಇಡುವಾಗ ಬಲಹೀನ ಕುಟುಂಬವೊಂದರ ಅಡಿಮಣೆಯ ಮೇಲೆ ಒಂದು ಲೋಟದಷ್ಟು ಚೆಲ್ಲಿತು. ಒರೆಸದೆ ಮಳೆಗೆ ಹೆದರಿ ಮನೆಗೆ ಬಂದೆ. ಮಳೆ ಬಿಟ್ಟ ಅರ್ಧ ಗಂಟೆಯೊಳಗೆ ಪಕ್ಕದ ಪೆಟ್ಟಿಗೆಗಳ ನೊಣಗಳೆಲ್ಲ ಅಲ್ಲಿ. ಒಂದು ಬಂದು ಕುಡಿದು ಹೋಗಿ ಕುಣಿಯಿತು, ಅದನ್ನು ನೋಡಿ ಹತ್ತು, ಹತ್ತನ್ನು ನೋಡಿ ನೂರು. ನೇರಳೆ ಹೂ ಅರಳಿದಾಗ ಪೆಟ್ಟಿಗೆ ತುಂಬಿಸುವ ರೂಢಿಯೇ ಇಲ್ಲಿ ನೆರೆಮನೆ ದೋಚುವ ದರೋಡೆಯಾಗಿತ್ತು. ಸಂಜೆಗೆ ಬಾಗಿಲ ಮುಂದೆ ಹೆಣಗಳ ರಾಶಿ.

ಆ ಹೊತ್ತಿನಲ್ಲಿ ನೊಣ ಓಡಿಸಲು ಹೋದರೆ ಕುಟುಕಿಸಿಕೊಳ್ಳುವುದಷ್ಟೇ. ಬಾಗಿಲನ್ನು ಒಂದೇ ನೊಣ ತೂರುವಷ್ಟು ಕಿರಿದು ಮಾಡಿ, ಮುಂದೆ ಹಸಿ ಹುಲ್ಲು ಹೊದಿಸಿದೆ. ಕಾವಲು ನೊಣ ಎರಡಿದ್ದರೂ ಬಾಗಿಲು ಕಾಯುವಷ್ಟಾಯಿತು. ಮರುದಿನಕ್ಕೆ ಗಲಾಟೆ ತಣ್ಣಗಾಯಿತು.

ಇದಕ್ಕಿಂತ ದೊಡ್ಡದನ್ನು ಅಜ್ಜ ಕಂಡಿದ್ದರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕ, ಕೇರಳದ ತುಡುವೆಗಳ ಮೇಲೆ ಬಿದ್ದಿತು. ಮರಿಗಳು ಕೋಣೆಯಲ್ಲೇ ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ದಾದಿ ನೊಣ ಒಂದು ಬಾಯಿಂದ ಇನ್ನೊಂದು ಬಾಯಿಗೆ ಉಣಿಸುವ ಅದೇ ಅಕ್ಕರೆಯ ದಾರಿಯಲ್ಲಿ ರೋಗವೂ ಸಾಗಿತು. ಬಲಹೀನವಾದ ಗೂಡನ್ನು ದೋಚಲು ಬಂದವು ಅದನ್ನು ತಮ್ಮ ಮನೆಗೆ ಒಯ್ದವು. ಅಜ್ಜನ ಅರವತ್ತು ಪೆಟ್ಟಿಗೆಯಲ್ಲಿ ಉಳಿದದ್ದು ಮೂರು. ನನ್ನ ಮೊದಲ ಪೆಟ್ಟಿಗೆ ಆ ಮೂರರ ಸಂತಾನ. ಅದಕ್ಕೇ ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಇಡುವವರನ್ನು ಕಂಡರೆ ನನಗೆ ತಡೆಯುವುದಿಲ್ಲ, ದೂರ ಇಡಿ ಎಂದು ಹೇಳಿಯೇ ಬಿಡುತ್ತೇನೆ.

7. ಪಕ್ಕದವರನ್ನಷ್ಟೇ ನೋಡಿದರೂ ಅಲೆ ಏಳುತ್ತದೆ

ಹೆಜ್ಜೇನಿನ ತಟ್ಟಿಯ ಎದುರು ದೊಡ್ಡ ಕಣಜ ಸುಳಿದಾಗ ದೂರದಿಂದ ನೋಡಬೇಕು. ಒಂದು ಕಡೆಯ ನೊಣಗಳು ಹೊಟ್ಟೆ ಮೇಲೆತ್ತುತ್ತವೆ, ಅವುಗಳ ಪಕ್ಕದವು ಎತ್ತುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ತಟ್ಟಿಯ ಮೇಲೆ ಗಾಳಿಗೆ ಗದ್ದೆ ತೊನೆದ ಹಾಗೆ ಮಿಂಚು ಹರಿಯುತ್ತದೆ. ಕಣಜ ಹಿಂದೆ ಸರಿಯುತ್ತದೆ.

ತುಡುವೆಯ ಉಪಾಯ ಬೇರೆ. ಬಾಗಿಲಿಗೆ ಬಂದ ಕಣಜದ ಮೇಲೆ ನೂರಾರು ನೊಣ ಉಂಡೆಯಾಗಿ ಮುತ್ತಿ ಸ್ನಾಯು ನಡುಗಿಸುತ್ತವೆ. ಜಪಾನಿನಲ್ಲಿ ಅಳೆದಾಗ ಉಂಡೆಯೊಳಗೆ 46 ಡಿಗ್ರಿ ದಾಟಿತ್ತು. ಕಣಜ ಬೆಂದು ಸಾಯುತ್ತದೆ, ನೊಣ ಅಷ್ಟು ಬಿಸಿ ತಾಳಿಕೊಳ್ಳುತ್ತದೆ. ಮರಿಗಳನ್ನು ಬೆಚ್ಚಗಿಡುವ ನಡುಕವೇ ಇಲ್ಲಿ ಆಯುಧ.

8. ರೂಢಿ ತಿಳಿದರೂ ಮುಂದಿನದು ತಿಳಿಯದು

ಕಾಲೇಜಿನಲ್ಲಿ ಓದುತ್ತಿದ್ದಾಗ ಮಗಳು ಕಂಪ್ಯೂಟರಿನಲ್ಲಿ ಒಂದು ಆಟ ತೋರಿಸಿದಳು. ಗಣಿತಜ್ಞ ಜಾನ್ ಕಾನ್ವೇ ಮಾಡಿದ್ದು, 1970ರಲ್ಲಿ ಪ್ರಸಿದ್ಧಿಗೆ ಬಂದದ್ದು. ಚೌಕುಳಿ ಹಾಳೆ, ಪ್ರತಿ ಮನೆಗೂ ಎಂಟು ನೆರೆಮನೆ. ಜೀವಂತ ಮನೆಗೆ ಎರಡೋ ಮೂರೋ ಜೀವಂತ ನೆರೆಯಿದ್ದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಖಾಲಿ ಮನೆಗೆ ಸರಿಯಾಗಿ ಮೂರು ಜೀವಂತ ನೆರೆಯಿದ್ದರೆ ಅಲ್ಲಿ ಜೀವ ಹುಟ್ಟುತ್ತದೆ. ಅಷ್ಟೇ. ಬರೀ ಐದು ಮನೆಗಳ ಒಂದು ಪುಟ್ಟ ಆಕಾರದಿಂದ ಶುರು ಮಾಡಿದರೆ ಅದು ಉಕ್ಕಿ, ಚೆದುರಿ, 1,103 ಹೆಜ್ಜೆಯಾದ ಮೇಲೆ ಸ್ಥಿಮಿತಕ್ಕೆ ಬರುತ್ತದೆ. "ಇದನ್ನು ಮೊದಲೇ ಹೇಳಲು ಬರುತ್ತಿರಲಿಲ್ಲವಾ?" ಎಂದು ಕೇಳಿದೆ. "ಓಡಿಸಿಯೇ ನೋಡಬೇಕು ಅಪ್ಪಾ" ಎಂದಳು.

ಆ ಮಾತು ಕೇಳಿದಾಗ ನೆನಪಾದದ್ದು ಎರಡು ಪೆಟ್ಟಿಗೆಗಳು. ಒಂದೇ ಕುಟುಂಬದಿಂದ ಒಂದೇ ದಿನ ಪಾಲು ಮಾಡಿ, ಒಂದೇ ಬಡಗಿ ಮಾಡಿದ ಪೆಟ್ಟಿಗೆಗಳಲ್ಲಿ ಕೂರಿಸಿ, ಹತ್ತು ಮಾರು ಅಂತರದಲ್ಲಿ ಇಟ್ಟಿದ್ದೆ. ಮೇ ತಿಂಗಳಿಗೆ ಒಂದರ ಜೇನುಕೋಣೆ ತುಂಬಿ ತುಳುಕುತ್ತಿತ್ತು. ಇನ್ನೊಂದು ಮಾರ್ಚ್‌ನಲ್ಲೇ ಮೇಣದ ಹುಳುವಿಗೆ ಎರಿ ಬಿಟ್ಟುಕೊಟ್ಟು ಪರಾರಿಯಾಗಿತ್ತು. ಬೆಳಗಿನ ಬಿಸಿಲು ಒಂದಕ್ಕೆ ಸ್ವಲ್ಪ ಮೊದಲೇ ಬೀಳುತ್ತಿತ್ತು ಎಂಬುದೊಂದು ಬಿಟ್ಟು ಬೇರೆ ವ್ಯತ್ಯಾಸ ನನಗೆ ಕಾಣಲಿಲ್ಲ.

ಅಂದಿನಿಂದ ದಿನಾ ಬೆಳಗ್ಗೆ ಚಹಾ ಕುಡಿದು ಪೆಟ್ಟಿಗೆಗಳ ಮುಂದೆ ಒಂದು ಸುತ್ತು ಹೋಗುತ್ತೇನೆ. ಮುಚ್ಚಳ ತೆಗೆಯುವುದಿಲ್ಲ. ಬಾಗಿಲಲ್ಲಿ ಹತ್ತು ನಿಮಿಷ ಕೂತು, ಪರಾಗ ಹೊತ್ತು ಬಂದವು ಎಷ್ಟು, ಬೀಸುವವು ಎಷ್ಟು, ಹೊರಗೆ ಎಳೆದು ಹಾಕಿದ ಮರಿಗಳಿವೆಯಾ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಕಿವಿಯನ್ನು ಹಲಗೆಗೆ ಒತ್ತುತ್ತೇನೆ. ಇವತ್ತು ಬೆಳಗ್ಗೆ ಏಳನೇ ಪೆಟ್ಟಿಗೆಯ ಸದ್ದು ನಿನ್ನೆಗಿಂತ ಸ್ವಲ್ಪ ದಪ್ಪವಿತ್ತು. ಹಲಸಿನ ಕೊಂಬೆಯ ಕೆಳಗಿನ ಕಳೆ ಸವರಿಟ್ಟಿದ್ದೇನೆ. ಮತ್ತಿಮರದ ಪಕ್ಕ ಒಂದು ಖಾಲಿ ಪೆಟ್ಟಿಗೆ ತೂಗುಹಾಕಿದ್ದೇನೆ. ಈ ಸಲ ಹಿಂದಿನ ಸಂದಿಗೆ ಮೇಣ ತುಂಬಿ, ತಂತಿಗೆ ಗ್ರೀಸ್ ಹಚ್ಚಿ, ಇರುವೆ ಹತ್ತದ ಹಾಗೆ.